ಕೆಂಪು ಗೆರೆಯಿಲ್ಲದ ಅರ್ಧ

ಪೊಫಾಡರ್,
ಆಗಸ್ಟ್ ೧೪, ಗುರುವಾರ

ಪ್ರೀತಿಯ ಯಾಸ್ಪರ್ ಅಣ್ಣಾ,

ಬೆನ್ನುನೋವು ಹೇಗಿದೆ? ಕಿಂಬರ್ಲಿಯ ಚಳಿಗೆ ಹೆಚ್ಚಾಗಿಲ್ಲ ತಾನೇ? ಲಾರಿ ಓಡಿಸುವಾಗ ಸೊಂಟಕ್ಕೆ ಉಣ್ಣೆಪಟ್ಟಿ ಕಟ್ಟಿಕೋ, ಹಟ ಮಾಡಬೇಡ. ಅಮ್ಮ ಗಟ್ಟಿಯಾಗಿದ್ದಾಳೆ. ಕೆಂಡದ ಮೇಲೆ ರೊಟ್ಟಿ ಸುಡುವಾಗಲೆಲ್ಲ ನಿನ್ನ ಹೆಸರೆತ್ತಿ ಬೈಯುತ್ತಾಳೆ, ಅಂದರೆ ನೆನೆಯುತ್ತಾಳೆ.

ಈಗ ವಿಷಯ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ನೀನು ಬೋರನ್ನು ಸೊಟ್ಟ ಕೊರೆದಿಲ್ಲ! ಅದಿರು ಸಿಗದಿದ್ದಾಗ, ಎಲ್ಲಿ ಕೊರೆಯಬೇಕೆಂದು ನಕ್ಷೆ ಬರೆಯುವ ಬಾಸನ್ ಸಾಹೇಬರೇ ಎಲ್ಲರೆದುರು "ಯಾಸ್ಪರ್ ಕುಡಿದು ಕೊರೆದಿದ್ದಾನೆ" ಅಂದರಲ್ಲ, ನೀನು ಅವತ್ತೇ ಕೆಲಸ ಬಿಟ್ಟು ಹೋದೆಯಲ್ಲ, ಆ ಬೋರು ನೆಟ್ಟಗೇ ಇದೆ. ಅವರು ತೋರಿಸಿದ ದಿಕ್ಕೇ ತಪ್ಪು!

ನಿನ್ನೆ ಶಿಬಿರದ ಶೆಡ್ಡಿನಲ್ಲಿ, ನಿನಗಿಂತ ಮುಂಚೆ ಕೊರೆದ ಬೋರಿನಿಂದ ತೆಗೆದ ಕೋಲಿನಂಥ ಕಲ್ಲುಗಳಿಗೆ ನೀರು ಹಾಕಿ ಒರೆಸುತ್ತಿದ್ದೆ. ಒದ್ದೆಯಾದರೆ ತಾನೇ ಅವು ಬಾಯಿಬಿಡುವುದು! ಕರಿಬಿಳಿ ಪಟ್ಟೆಗಳ ನಡುವೆ ಕಡಲೆಗಾತ್ರದ ಕೆಂಪು ಗಾರ್ನೆಟ್, ಅದನ್ನು ಬಳಸಿ ಹರಿದ ಅಭ್ರಕ, ಪಕ್ಕದಲ್ಲೇ ಕಡುಹಸಿರು ಕಾಳು. ಆ ಕಾಳಿನಲ್ಲಿ ಸತುವಿದೆ, ಅದಿರು ದೂರವಿಲ್ಲ ಎಂದು ನಿನಗೂ ಗೊತ್ತು. ಭೂಮಿಯ ಕಾವಿಗೆ ಮೆತ್ತಗಾಗಿ ಮಡಿಚಿಕೊಂಡ ಈ ಕಲ್ಲಿನಲ್ಲಿ ಅದಿರು ದಪ್ಪಗೆ ಕೂರುವುದು ದೊಡ್ಡ ಮಡಿಕೆಯ ತಿರುವಿನಲ್ಲಿ. ತಿರುವು ಯಾವ ಕಡೆಗಿದೆ ಎಂದು ಹೇಳುವುದು ಸಣ್ಣ ಸುಕ್ಕುಗಳು ವಾಲಿದ ದಿಕ್ಕು. ತುಂಡನ್ನು ಸುಮ್ಮನೆ ಬೋರಲು ಹಾಕಿ ನೋಡುತ್ತೇನೆ, ಬೆನ್ನಲ್ಲಿ, ದಿಕ್ಕು ತಪ್ಪದಿರಲೆಂದು ನಾವು ಎಳೆಯುವ ಕೆಂಪು ಗೆರೆಯೇ ಇಲ್ಲ! ಕಲ್ಲನ್ನು ಉದ್ದಕ್ಕೆ ಸೀಳಿದ ಮೇಲೆ ಗೆರೆಯಿರುವ ಅರ್ಧ ನಮ್ಮ ಪೆಟ್ಟಿಗೆಗೆ, ಉಳಿದರ್ಧ ಪರೀಕ್ಷೆಗೆ ಹೋಗಬೇಕಲ್ಲವೇ? ಸಾಹೇಬರು ಬಂದ ಅತಿಥಿಗಳಿಗೆ ತೋರಿಸಲೆಂದು ಗಾರ್ನೆಟ್ ಚೆನ್ನಾಗಿ ಕಂಡ ಅರ್ಧವನ್ನು ಇಟ್ಟುಕೊಂಡು, ಅದನ್ನೇ ನೋಡಿ ನಕ್ಷೆ ಬರೆದುಬಿಟ್ಟಿದ್ದಾರೆ. ಸೀಳಿದ ಮುಖಗಳು ಒಂದಕ್ಕೊಂದು ಕನ್ನಡಿ. ಒಂದರಲ್ಲಿ ಎಡಕ್ಕೆ ವಾಲಿದ್ದು ಇನ್ನೊಂದರಲ್ಲಿ ಬಲಕ್ಕೆ. ಅದಿರಿರುವುದು ಪಶ್ಚಿಮಕ್ಕೆ, ನಿನ್ನನ್ನು ಕಳಿಸಿದ್ದು ಪೂರ್ವಕ್ಕೆ!

"ಚೆಂದ ನೋಡಿ ಇಟ್ಕೊಂಡ್ರಿ ಸಾಹೇಬ್ರೇ, ನಮ್ಮಣ್ಣನ್ನ ಓಡಿಸಿದ್ರಿ" ಅಂದೆ, ಹಲ್ಲು ಕಚ್ಚಿಕೊಂಡು. ಪಾಪ, ತಿರುವಿ ತಿರುವಿ ನೋಡಿದರು. ಆಮೇಲೆ ಎಲ್ಲರನ್ನೂ ಕರೆದು, "ತಪ್ಪು ನಂದು ಕಣ್ರಪ್ಪಾ. ಯಾಸ್ಪರ್ ಸರಿಯಾಗೇ ಕೊರೆದಿದ್ದ" ಅಂದರು. ಅಣ್ಣಾ, ನನಗೆ ಅಲ್ಲೇ ಅಳು ಬಂತು. ಸಂತೋಷಕ್ಕೆ ಕುಣಿಯಬೇಕೆನಿಸಿತು.

ಅಮ್ಮ ನಿನಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸುತ್ತಾಳೆ, ಒಣಮಾಂಸ ಕಳಿಸಿದ್ದಾಳೆ. ಒಬ್ಬನೇ ತಿನ್ನಬೇಡ.

ನಿನ್ನ ತಂಗಿ,
ಸಿಬೆಲ್ಲಾ

ಅಯ್ಯೋ, ಹೇಳಬೇಕಾದ್ದೇ ಉಳಿಯಿತು: ಪಶ್ಚಿಮಕ್ಕೆ ಇನ್ನೊಂದೇ ಬೋರು ಕೊರೆಯುತ್ತಾರಂತೆ. ಅದೂ ಬರಿದಾದರೆ ಶಿಬಿರ ಮುಚ್ಚುತ್ತಾರೆ, ನಮ್ಮೆಲ್ಲರ ಕೆಲಸವೂ ಹೋಗುತ್ತದೆ. ಸಾಹೇಬರು ತಲೆ ತಗ್ಗಿಸಿಕೊಂಡು, "ನಿಮ್ಮಣ್ಣ ಬರ್ತಾನೇನಮ್ಮಾ?" ಎಂದು ಕೇಳಿದರು. "ಬರದೆ ಏನು, ಹೊರಟೇಬಿಟ್ಟಿದ್ದಾನೆ" ಅಂದುಬಿಟ್ಟೆ! ಈ ಪತ್ರ ತಂದ ಕುರಿ ಲಾರಿ ಶನಿವಾರ ವಾಪಸು ಬರುತ್ತದೆ, ಮುಂದಿನ ಸೀಟು ನಿನಗೇ ಹೇಳಿದ್ದೇನೆ. ನನ್ನನ್ನು ಸುಳ್ಳಿ ಮಾಡಬೇಡ, ಹತ್ತಿಬಿಡು.