ಕಪ್ಪು ನಾಣ್ಯಗಳ ಪಾಲು

ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ
ಅಂಗಡಿಯ ಹಿಂದಿನ ಕೋಣೆ

ಪ್ರೀತಿಯ ಕ್ಯಾಶಿಯರಮ್ಮನವರೇ,

ಆರು ವರ್ಷದ ಮೇಲೆ ನನ್ನ ಕಾಗದ ಬಂತೆಂದರೆ ಯಾರೋ ಹೋಗಿಬಿಟ್ಟಿರಬೇಕೆಂದು ಗಾಬರಿಯಾಗಬೇಡ. ಹೋದದ್ದು ನನ್ನ ಹಟ ಮಾತ್ರ. ಅದಕ್ಕೂ ವಯಸ್ಸಾಗಿತ್ತು.

ಈ ಪತ್ರ ಬರೆಯುತ್ತಿರುವುದು ಥ್ಯಾಂಕ್ಸ್ ಹೇಳುವುದಕ್ಕೆ. ಬೇರೇನೂ ಬೇಡ. ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಯಾತಕ್ಕೆ ಅಂತ ಹೇಳದೆ ಬರೀ ಥ್ಯಾಂಕ್ಸ್ ಕಳಿಸಿದರೆ ನೀನು ಅದನ್ನು ಬೆಳಕಿಗೆ ಹಿಡಿದು ಖೋಟಾ ಇರಬಹುದೇ ಎಂದು ನೋಡುವವಳು. ಇಪ್ಪತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳ ಚಾಳಿ. ಹಾಗಾಗಿ ಮೊದಲಿನಿಂದ ಹೇಳುತ್ತೇನೆ.

ಹೋದ ವರ್ಷ ನನ್ನ ಎರಡೂ ಕಣ್ಣಿಗೆ ಪೊರೆ ಬಂತು. ಊರಿಗೆಲ್ಲ ಕನ್ನಡಕ ಮಾಡಿಕೊಡುವವನು ನಾನು. ನನ್ನ ಕಣ್ಣು ಮಂಜಾಗಿದ್ದು ನನಗೇ ಗೊತ್ತಾಗಲಿಲ್ಲ. ಮೊದಲು ಬಲ್ಬನ್ನು ಬೈದೆ. ಆಮೇಲೆ ಫ್ರೇಮಿನ ಸ್ಕ್ರೂಗಳನ್ನು ಈಗೀಗ ಸಣ್ಣದಾಗಿ ಮಾಡುತ್ತಿದ್ದಾರೆಂದು ಕಂಪನಿಯನ್ನು ಬೈದೆ. ಒಂದು ದಿನ ಡ್ರೈವಿಂಗ್ ಸ್ಕೂಲಿನ ಮೇಷ್ಟರ ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿ ಕಳಿಸಿದೆ. ಪಾಪ, ಅವರು ಕಾರು ಹತ್ತುವ ಮೊದಲೇ ಅಂಗಡಿಯ ಮೆಟ್ಟಿಲಿಂದ ಬಿದ್ದರು. ಎದ್ದು ಬಂದು, "ರೀ ಸ್ವಾಮಿ, ನನ್ನ ಕಣ್ಣು ಬಿಡಿ, ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ" ಎಂದರು. ಡಾಕ್ಟರು ನೋಡಿ, ಎರಡಕ್ಕೂ ಆಪರೇಷನ್ ಆಗಬೇಕು, ತಡ ಮಾಡಿದರೆ ಈ ಕೆಲಸ ಮರೆತುಬಿಡಿ ಎಂದರು. ಖರ್ಚು ಕೇಳಿದಾಗ ಮಾತ್ರ ನನಗೆ ಎಲ್ಲ ಸ್ಪಷ್ಟವಾಗಿ ಕಾಣಿಸಿತು.

ಬೇರೆ ದಾರಿ ಇರಲಿಲ್ಲ. ಬೀರುವಿನ ಅಡಿಯಿಂದ ಆ ಬಿಸ್ಕತ್ ಡಬ್ಬಿ ಎಳೆದೆ.

ಹೌದು, ಅದೇ ಡಬ್ಬಿ. ನಿನ್ನ ಮಾತಿನಲ್ಲಿ "ನನ್ನ ಸವತಿ". ಚಲಾವಣೆ ತಪ್ಪಿ ಸುಸ್ತಾದ ಹಳೇ ಬೆಳ್ಳಿ ನಾಣ್ಯಗಳನ್ನು ಗುಜರಿಯವನ ಹತ್ತಿರ ತಿಂಗಳು ತಿಂಗಳು ತೂಕದ ಲೆಕ್ಕದಲ್ಲಿ ಕೊಂಡು ತುಂಬಿದ್ದೆನಲ್ಲ. ಅಪರೂಪದ್ದೂ ಅಲ್ಲ, ಚಂದದ್ದೂ ಅಲ್ಲ. ಅರ್ಧಕ್ಕೂ ಹೆಚ್ಚು, ರಾಜನ ಮೂಗು ಸವೆದು ನಮ್ಮ ಮಾವನವರ ಹಾಗೆ ಕಾಣುತ್ತಿದ್ದ ನಾಣ್ಯಗಳು. ಮುಖ ಹೇಗಾದರೂ ಇರಲಿ, ಮೈಯೆಲ್ಲ ಬೆಳ್ಳಿ ತಾನೆ ಎನ್ನುವುದು ನನ್ನ ವಾದ. ಕಾಗದದ ದುಡ್ಡನ್ನು ನಂಬಬಾರದು ಎಂದು ನಾನು ಭಾಷಣ ಬಿಗಿದಾಗ ನೀನು ಹುಳಿ ಕಲಕುವ ಸೌಟು ಹಿಡಿದುಕೊಂಡೇ, "ನಮ್ಮ ಮದುವೆ ಸರ್ಟಿಫಿಕೇಟೂ ಕಾಗದವೇ ಕಣ್ರೀ" ಎಂದಿದ್ದೆ. ನಿನ್ನದು ನೋಟು, ನನ್ನದು ನೋಟ, ಹೊಂದಿಕೆಯಾಗಲಿಲ್ಲ. ನಿನಗೆ ಬೇರೆ ಊರಿನ ಶಾಖೆಗೆ ವರ್ಗವಾಯಿತು. ಅಲ್ಲೊಂದು ಮನೆ ಹಿಡಿಯಲು ನೀನು ಎತ್ತಿಟ್ಟಿದ್ದ ದುಡ್ಡನ್ನು ನಾನು ನಿನ್ನನ್ನು ಕೇಳದೆ ಡಬ್ಬಿಗೆ ಸುರಿದಿದ್ದೆ. ಅವತ್ತು ನೀನು ಕೂಗಾಡಲಿಲ್ಲ. ಕೂಗಾಡಿದ್ದರೆ ಬಹುಶಃ ಜೊತೆಯಲ್ಲೇ ಇರುತ್ತಿದ್ದೆವು.

ಈಗ ಒಂದು ತಪ್ಪೊಪ್ಪಿಗೆ. ಬೇರೆಯಾಗುವಾಗ ನಾಣ್ಯ ಹಂಚಿಕೊಂಡ ಮಧ್ಯಾಹ್ನ ನೆನಪಿದೆಯಾ? ನಿಮ್ಮ ಮನೆಯ ಪದ್ಧತಿ ಅದು: ಒಬ್ಬರು ಎರಡು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು. ಚಿಕ್ಕಂದಿನಲ್ಲಿ ನಿನ್ನ ತಮ್ಮನೂ ನೀನೂ ಕೇಕು ಹಂಚಿಕೊಂಡದ್ದೂ ಹಾಗೇ. "ನೀವು ಪಾಲು ಮಾಡಿ, ನಾನು ಆರಿಸ್ಕೋತೀನಿ" ಎಂದೆ ನೀನು. ನಿನ್ನ ತಮ್ಮ ಸಾಕ್ಷಿಯಾಗಿ ಕೂತ. ನಾನು ಊಟದ ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದೆ. ಒಂದರಲ್ಲಿ ಹೊಳೆಯುವ, ಅಂಚು ಚೂಪಾಗಿರುವ, ರಾಜನ ಕಿರೀಟದ ಮುತ್ತು ಎಣಿಸಬಹುದಾದ ನಾಣ್ಯಗಳು. ಇನ್ನೊಂದರಲ್ಲಿ ಕಪ್ಪು ಹಿಡಿದು ನುಣ್ಣಗೆ ಸವೆದವು. ಹೊಳೆಯುವವೇ ಒಳ್ಳೆಯ ಬೆಳ್ಳಿ ಎಂದು ನನ್ನ ನಂಬಿಕೆ. ಅವು ನನಗೇ ಉಳಿಯಲಿ ಎಂದು ಕಪ್ಪು ಗುಡ್ಡೆಗೆ ನಲವತ್ತು ನಾಣ್ಯ ಜಾಸ್ತಿ ಹಾಕಿದೆ. ಬ್ಯಾಂಕಿನವಳು, ಎಣಿಸುತ್ತಾಳೆ, ಹೆಚ್ಚಿರುವ ಕಡೆ ಕೈ ಹಾಕುತ್ತಾಳೆ ಎಂಬ ಲೆಕ್ಕಾಚಾರ.

ನೀನು ಎರಡನ್ನೂ ಎಣಿಸಿದೆ. ಒಂದು ಕಪ್ಪು ನಾಣ್ಯವನ್ನು ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ಟಣ್ ಎನಿಸಿದೆ. ಹೊಳೆಯುವುದನ್ನೂ ಹಾಗೇ ಮಾಡಿದೆ. ಆಮೇಲೆ ಹೊಳೆಯುವ ಗುಡ್ಡೆಯನ್ನು ಸೆರಗಿಗೆ ಬಾಚಿಕೊಂಡೆ. ನನ್ನ ಮುಖ ಅವತ್ತು ಕಪ್ಪು ಗುಡ್ಡೆಗೆ ಹೊಂದುವಂತಿತ್ತು.

ಅಂದಿನಿಂದ ಆರು ವರ್ಷ ನಿನ್ನನ್ನು ಬೈದೆ. ಪಕ್ಕದಂಗಡಿಯ ಕ್ಷೌರಿಕನಿಗೆ ಪ್ರತಿ ತಿಂಗಳೂ ತಲೆ ಒಪ್ಪಿಸಿಕೊಂಡು, ಬೆಳ್ಳಿಯನ್ನೆಲ್ಲ ಅವಳು ಹೊಡಕೊಂಡು ಹೋದಳು, ನನಗೆ ಬೂದಿ ಬಿಟ್ಟಳು ಎಂದು ಗೋಳಾಡುತ್ತಿದ್ದೆ.

ಮೊನ್ನೆ ಜನವರಿಯಲ್ಲಿ ಆ ಬೂದಿಯನ್ನು ಹೊತ್ತುಕೊಂಡು ಬೆಳ್ಳಿ ಕರಗಿಸುವಾಕೆಯ ಹತ್ತಿರ ಹೋದೆ. ಈ ಕಡೆಯ ನಾಲ್ಕೂರಿಗೆ ಹಳೇ ನಾಣ್ಯ ಕೊಳ್ಳುವವರು ಅವರೊಬ್ಬರೇ ಎಂದು ನಿನಗೇ ಗೊತ್ತು. ದಪ್ಪ ಕೈಗವಸು, ಸುಟ್ಟ ಏಪ್ರನ್, ಗುಡುಗಿನಂಥ ದನಿ. ಒಂದು ಕಣ್ಣಿನ ಖರ್ಚಾದರೂ ಹುಟ್ಟಿದರೆ ಸಾಕೆಂದು ಮನಸ್ಸಿನಲ್ಲೇ ಚೌಕಾಶಿ ಮಾಡುತ್ತ ಕೂತಿದ್ದೆ. ಅವರು ಒಂದು ನಾಣ್ಯವನ್ನು ಕಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ಡಿನ ಹನಿ ಬಿಟ್ಟರು. ಗೆರೆ ಕೆಂಪಗೆ ತಿರುಗಿತು. ಇನ್ನೊಂದೂ ಕೆಂಪು. ಹನ್ನೆರಡನ್ನು ಉಜ್ಜಿದರು, ಹನ್ನೆರಡೂ ಕೆಂಪು. "ಒಳ್ಳೇ ಮಾಲು ಇಟ್ಕೊಂಡಿದ್ದೀರಲ್ರೀ!" ಎಂದರು.

ನಾನು ತಬ್ಬಿಬ್ಬಾಗಿ, ಇವು ಸವೆದಿವೆಯಲ್ಲ ಎಂದೆ. "ತೂಕ ಸವೆದಿದೆ, ಬೆಳ್ಳಿ ಸವೆದಿಲ್ಲ. ಹಳೇ ನಾಣ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ. ಮೆತ್ತಗಿರತ್ತೆ, ಅದಕ್ಕೇ ಸವೆಯತ್ತೆ, ಕಪ್ಪಗಾಗತ್ತೆ. ಆಮೇಲಿನ ವರ್ಷಗಳದ್ದು ಅರ್ಧ ಬೆಳ್ಳಿ, ಅರ್ಧ ಬೆರಕೆ. ಗಟ್ಟಿ, ಥಳಥಳ. ಹೊಳಪು ನೋಡಿ ಕೊಳ್ಳೋರಿಂದಲೇ ನನ್ನಂಥೋರ ಹೊಟ್ಟೆ ತುಂಬೋದು" ಎಂದು ನಕ್ಕರು.

ಹೊಳೆಯುವುದನ್ನೆಲ್ಲ ನೀನು ತಗೊಂಡು ಹೋದೆ. ನನಗೆ ಮಾತ್ರ ಆರು ವರ್ಷ ಏನೂ ಹೊಳೆಯಲಿಲ್ಲ.

ಪಾಪ, ನೀನು ಮೋಸಹೋದೆ ಎಂದು ಆ ಗಳಿಗೆಯಲ್ಲಿ ಮರುಗಿದೆ ಕೂಡ. ನನ್ನ ಮರುಕವೂ ಎಷ್ಟು ಬೆರಕೆಯದು ನೋಡು. ಅಷ್ಟರಲ್ಲಿ ಆಕೆ ಡಬ್ಬಿಯನ್ನು ತಿರುಗಿಸಿ ನೋಡಿ, "ನೀವು ಕನ್ನಡಕದೋರಾ?" ಎಂದರು. ಹೌದೆಂದೆ. ಆಗ ಹೇಳಿದರು. ಆರು ವರ್ಷದ ಹಿಂದೆ ಇಂಥದ್ದೇ ಡಬ್ಬಿಯಲ್ಲಿ ಹೊಳೆಯುವ ನಾಣ್ಯ ತಂದ ಹೆಂಗಸಿಗೆ, ಅರ್ಧ ಬೆಲೆಯೇ ಬರುವುದು ಎಂದು ಆಕೆ ಹೇಳಿದ್ದರಂತೆ. ಆ ಹೆಂಗಸು, "ಗೊತ್ತಿದ್ದೇ ತಗೊಂಡೆ ಕಣಮ್ಮ. ಕೌಂಟರಲ್ಲಿ ನಾಣ್ಯಗಳ ಸದ್ದು ಕೇಳಿ ಕೇಳಿ ಕಿವಿ ಪಳಗಿದೆ. ನನಗೆ ಸಂಬಳ ಬರತ್ತೆ. ಅವರಿಗಿರೋದು ಆ ಕನ್ನಡಕದಂಗಡಿ ಒಂದೇ. ಯಾವತ್ತಾದ್ರೂ ಕಪ್ಪು ನಾಣ್ಯ ಹಿಡ್ಕೊಂಡು ಬಂದ್ರೆ, ಬಣ್ಣ ನೋಡಿ ಕಮ್ಮಿ ಕೊಡಬೇಡಿ" ಎಂದಳಂತೆ.

ಕರಗಿಸುವಾಕೆ ನಾಣ್ಯ ತೂಗುತ್ತಿದ್ದರು. ಕುಲುಮೆ ಇನ್ನೂ ಹೊತ್ತಿಸಿರಲಿಲ್ಲ. ನಾನು ಮೊದಲು ಕರಗಿದೆ.

ಎರಡೂ ಕಣ್ಣಿಗಾಗುವಷ್ಟು ದುಡ್ಡು ಬಂತು. ಫೆಬ್ರವರಿಯಲ್ಲಿ ಬಲಗಣ್ಣು ಆಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ನರ್ಸಮ್ಮನ ಕೈಗಡಿಯಾರದ ಸೆಕೆಂಡಿನ ಮುಳ್ಳು. ಅಷ್ಟು ಸಣ್ಣದು ಓಡುವುದನ್ನು ನೋಡಿ ಎಷ್ಟು ದಿನವಾಗಿತ್ತೋ! ನಿನ್ನೆ ಸ್ಕ್ರೂ ಒಂದನ್ನು ಒಂದೇ ಸಲಕ್ಕೆ ಕೂರಿಸಿದೆ. ಮೇಷ್ಟರಿಗೆ ಹೊಸ ಕನ್ನಡಕ ಪುಕ್ಕಟೆ ಮಾಡಿಕೊಟ್ಟೆ. ಮೆಟ್ಟಿಲಿಳಿಯುವಾಗ ಮಾತ್ರ ನನ್ನ ಭುಜ ಹಿಡಿದುಕೊಂಡೇ ಇಳಿದರು. ಅಂಗಡಿ ಉಳಿಯಿತು. ಪೊರೆ ತೆಗೆದವರು ಡಾಕ್ಟರು, ಪೊರೆದವಳು ನೀನು.

ಕ್ಷೌರಿಕನಿಗೂ ನಿಜ ಹೇಳಿದೆ. ಕತ್ತರಿ ಕೆಳಗಿಟ್ಟು, "ಅಲ್ಲಣ್ಣಾ, ತಲೆ ಬೋಳಿಸೋದು ನನ್ನ ಕಸುಬು. ನೀನು ಆರು ವರ್ಷ ಆ ಅಕ್ಕನ್ನ ಬೈದು ನನ್ನ ತಲೆ ಬೋಳಿಸಿದೆಯಲ್ಲ!" ಎಂದ. ಅರ್ಧ ಕತ್ತರಿಸಿದ ತಲೆಯಲ್ಲಿ ಹತ್ತು ನಿಮಿಷ ಕೂರಿಸಿ ಶಿಕ್ಷೆ ಕೊಟ್ಟ.

ನಿನ್ನ ಪಾಲಿನ ಕೊರತೆ ತುಂಬಿಕೊಡೋಣವೆಂದು ಲೆಕ್ಕ ಹಾಕಿದೆ. ಕಳಿಸಿದರೆ ಅದೇ ಟಪಾಲಿನಲ್ಲಿ ವಾಪಸ್ ಬರುತ್ತದೆ ಎಂದು ಸುಮ್ಮನಾದೆ. ನಾಣ್ಯ ಕೂಡಿಟ್ಟವನು ನಾನು, ನಾಣ್ಯಸ್ಥೆ ನೀನು. ಮೋಸ ಮಾಡಲು ಕೂತವನಿಗೆ ಗೊತ್ತಾಗದಂತೆ ಒಳ್ಳೆಯದು ಮಾಡಿ, ಅವನ ಬೈಗುಳವನ್ನೂ ಹೊತ್ತುಕೊಂಡು ಆರು ವರ್ಷ ಬಾಯಿ ಬಿಡದೆ ಇದ್ದೆಯಲ್ಲ, ಅದಕ್ಕೆ ನನ್ನ ಹತ್ತಿರ ತಮಾಷೆಯ ಮಾತಿಲ್ಲ. ಕೈಮುಗಿಯುತ್ತೇನೆ. ಇಷ್ಟೇ ಹೇಳಬೇಕಿತ್ತು. ನನಗೇನೂ ಕೊರತೆಯಿಲ್ಲ, ಚೆನ್ನಾಗಿದ್ದೇನೆ.

ಒಂದು ಕಣ್ಣಿನಿಂದಲೇ ನಿನ್ನನ್ನು ಸರಿಯಾಗಿ ನೋಡಲು ಕಲಿತ,
ನಿನ್ನ ಕನ್ನಡಕ

ಮರೆತಿದ್ದೆ: ಮುಂದಿನ ತಿಂಗಳು ಹದಿನಾಲ್ಕಕ್ಕೆ ಎಡಗಣ್ಣು. ಆಸ್ಪತ್ರೆಯ ಫಾರಂನಲ್ಲಿ "ಮನೆಗೆ ಕರೆದೊಯ್ಯುವವರು" ಎಂದು ಒಂದು ಜಾಗ ಇದೆ. ಹೋದ ಸಲ ಅಲ್ಲಿ ಕ್ಷೌರಿಕನ ಹೆಸರಿತ್ತು, ಸಂಬಂಧ ಎನ್ನುವಲ್ಲಿ "ನೆರೆಯವರು". ಈ ಸಲ ಕೈತಪ್ಪಿ ನಿನ್ನ ಹೆಸರು ಬರೆದೆ. ಸಂಬಂಧ ಎನ್ನುವಲ್ಲಿ "ಹೆಂಡತಿ" ಎಂದು ಬರೆದದ್ದು ಕೈತಪ್ಪಿ ಅಲ್ಲ. ಪೆನ್ನಿನಲ್ಲಿ ಬರೆದಿದ್ದೇನೆ. ಹೊಡೆದುಹಾಕಿ ತಿದ್ದಿದ ಫಾರಂ ತೆಗೆದುಕೊಳ್ಳುವುದಿಲ್ಲವಂತೆ.