ಬಂಕಿನ ಎದುರಿನ ಸಂದಿ

ಮನೆಯಿಂದ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಪ್ರೀತಿ ಎನ್ನುವ ಮಾತನ್ನು ಹಲ್ಲು ಕಚ್ಚಿಕೊಂಡು ಬರೆದಿದ್ದೇನೆ, ಆದರೆ ಸುಳ್ಳು ಬರೆದಿಲ್ಲ. ನಿನ್ನ ಸೊಂಟದ ನೋವು ಹೇಗಿದೆ? ಅಕ್ಕನ ಮನೆಯ ಸೋಫಾದ ಮೇಲೆ ಮುದುರಿಕೊಂಡು ಮಲಗಬೇಡ, ನೆಲದ ಮೇಲೆ ಹಾಸಿಗೆ ಹಾಕಿಸಿಕೊ. ನಾನು ಚೆನ್ನಾಗಿದ್ದೇನೆ. ನಿನ್ನ ಹೆಂಡತಿ ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಬಾಯಿ ಮಾತ್ರ ಬಿಡುವುದಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ನಡುವೆ ಕಟ್ ಮಾಡುತ್ತೀಯ. ಕಾಗದಕ್ಕೆ ಆ ಭಯವಿಲ್ಲ. ಅದಕ್ಕೇ ನಿನ್ನ ಭಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಕೊನೆಯವರೆಗೆ ಓದುವ ತನಕ ಎದುರಿಗೇ ಕೂತಿರಬೇಕೆಂದು ಅವರಿಗೆ ಹೇಳಿದ್ದೇನೆ.

ಸೋಮವಾರ ಆಯಾ ರಜೆ ಹಾಕಿದ್ದಕ್ಕೆ ಮಕ್ಕಳನ್ನು ನೋಡಿಕೊಳ್ಳಲು ನಾನು ನಿನ್ನ ವ್ಯಾನು ಹತ್ತಿದೆ. ನನ್ನ ಮಗ ಶಾಲೆಯ ವ್ಯಾನು ಓಡಿಸುತ್ತಾನೆ ಎಂದು ನೆಂಟರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಓಡಿಸುವುದನ್ನು ನೋಡಿದ್ದು ಮಾತ್ರ ಅಂದೇ. ಶಾಲೆಯ ಗೇಟು ರಸ್ತೆಯ ಆಚೆ ಬದಿಗಿದೆ. ಸರಿಯಾಗಿ ಹೋಗಬೇಕೆಂದರೆ ಸೇತುವೆಯವರೆಗೆ ಹೋಗಿ ತಿರುಗಿ ಬರಬೇಕು. ನೀನು ಪೆಟ್ರೋಲ್ ಬಂಕಿನ ಎದುರು, ಡಿವೈಡರ್ ಒಡೆದಿರುವ ಸಂದಿಯ ಹತ್ತಿರ ವ್ಯಾನು ನಿಧಾನ ಮಾಡಿದೆ. ಸ್ಟೇರಿಂಗಿನ ಮುಂದೆ ಅಂಟಿಸಿದ ದೇವರ ಪಟ ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡೆ. ನನ್ನ ಮಗನಿಗೆ ಎಷ್ಟು ಭಕ್ತಿ ಎಂದು ನಾನು ಹಿಗ್ಗುವಷ್ಟರಲ್ಲಿ ಆ ಸಂದಿಯಲ್ಲಿ ನುಗ್ಗಿಸಿ, ಎದುರು ಬರುವ ಗಾಡಿಗಳ ಮುಖಕ್ಕೇ ಓಡಿಸತೊಡಗಿದೆ! ನೀರಿನ ಟ್ಯಾಂಕರ್ ಬಂತು. ನೀನು ಬ್ರೇಕ್ ಒತ್ತಿದೆ. ಟ್ಯಾಂಕರಿನವನು ಹೇಗೋ ನಿಲ್ಲಿಸಿದ. ಎರಡು ಜಡೆಯ ಆ ಸಣ್ಣ ಹುಡುಗಿ ಮುಂದಿನ ಕಂಬಿಗೆ ಬಡಿದು ತುಟಿ ಸೀಳಿಕೊಂಡಳು. ನನ್ನ ಕರವಸ್ತ್ರ ತೊಯ್ದು ತೊಟ್ಟಿಕ್ಕುತ್ತಿತ್ತು. ನೀನು ಹಿಂದಕ್ಕೆ ತಿರುಗಿ ಏನೆಂದೆ? "ದೇವ್ರು ದೊಡ್ಡವನಮ್ಮಾ, ಜಾಸ್ತಿ ಏನೂ ಆಗ್ಲಿಲ್ಲ." ನಮ್ಮಿಬ್ಬರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸಿ, ಉಳಿದ ಮಕ್ಕಳನ್ನು ಬಿಡಲು ಹೊರಟೆ. ಅದೂ ಅದೇ ದಾರಿಯಲ್ಲಿ! ಹೊಲಿಗೆ ಹಾಕುವಾಗ ಆ ಮಗು ನನ್ನ ಹೆಬ್ಬೆರಳನ್ನು ಹಿಡಿದುಕೊಂಡಿತ್ತು. ಉಗುರು ನೆಟ್ಟ ಗುರುತು ಇನ್ನೂ ಇದೆ.

ಆ ಸಂಜೆ ವ್ಯಾನಿನ ಕೀ ಕಿತ್ತುಕೊಂಡದ್ದಕ್ಕೆ ನೀನು ಸಿಡಿದೆ. "ನಿಂಗೆ ರಸ್ತೆ ಗೊತ್ತಾ, ಟ್ರಾಫಿಕ್ ಗೊತ್ತಾ? ಮನೇಲಿ ಕೂತು ಬುದ್ಧಿ ಹೇಳೋದು ಸುಲಭ" ಎಂದು ಹೆಂಡತಿಯ ಎದುರೇ ಅಂದು, ಬಾಗಿಲು ಬಡಿದು ಹೋದೆ. ಆಗಲಿ, ರಸ್ತೆ ನೋಡಿಯೇ ಬಿಡೋಣ ಎಂದು ಮರುದಿನ ಬೆಳಿಗ್ಗೆ ನಾನೇ ಬಂಕಿನ ಬಳಿ ಹೋಗಿ ನಿಂತೆ. ಕಾಲು ಊದಿಕೊಂಡಿತು, ಕಣ್ಣು ತೆರೆಯಿತು. ಬೈಕಿನವರು, ಕಾರಿನವರು, ಪೊಲೀಸಿನವನು, ಇನ್ನೊಂದು ಶಾಲೆಯ ವ್ಯಾನು, ಎಲ್ಲರೂ ಅದೇ ಸಂದಿಯಲ್ಲಿ ನುಗ್ಗುವವರೇ. ಎದುರಿನವನು ಹಾರ್ನ್ ಹೊಡೆದರೆ ಅವನನ್ನೇ ಗುರಾಯಿಸುತ್ತಾರೆ. ಸರಿಯಾಗಿ ಸೇತುವೆಯತ್ತ ಹೋದವನೊಬ್ಬನಿಗೆ ಹಿಂದಿನವನು "ಏನ್ ಸ್ವಾಮಿ, ಊರಿಗೆ ಹೊಸಬ್ರಾ?" ಎಂದು ಕೂಗಿದ. ಮನೆಗೆ ಬಂದರೆ ವ್ಯಾನಿನಲ್ಲಿ ಬರುವ ಮಗುವೊಂದರ ಅಪ್ಪನ ಫೋನು: "ಆದದ್ದು ಆಯ್ತು ಅಮ್ಮಾ, ನಾಳೆಯಿಂದ ವ್ಯಾನ್ ಕಳ್ಸಿ. ಲೇಟ್ ಮಾತ್ರ ಮಾಡ್ಬೇಡಿ, ಗೇಟ್ ಹಾಕ್ಬಿಡ್ತಾರೆ." ಅಂದರೆ ಅದೇ ದಾರಿಯಲ್ಲೇ ಬನ್ನಿ ಎಂದ ಹಾಗಾಯಿತಲ್ಲ! ನಾನು ಫೋನು ಇಟ್ಟುಬಿಟ್ಟೆ.

ನಾನು ಹೈಸ್ಕೂಲು ಮುಗಿಸಿದವಳು, ದೊಡ್ಡ ಮಾತು ನನಗೆ ಬೇಡ. ಆದರೂ ಹೇಳುತ್ತೇನೆ. ನಮ್ಮ ದೇಶದವರಷ್ಟು ದೇವರನ್ನು ನಂಬುವವರು ಬೇರೆಲ್ಲೂ ಇಲ್ಲ ಎಂದು ನಾವೇ ಬೀಗುತ್ತೇವೆ. ನಾನೂ ದಿನಾ ಕೈಮುಗಿಯುವವಳೇ. ಆದರೆ ಸಂದಿಯಲ್ಲಿ ನುಗ್ಗುವ ಮೊದಲು ಪಟ ಮುಟ್ಟುವುದು ನಂಬಿಕೆಯಲ್ಲ, ಅದು ದೇವರನ್ನು ವ್ಯಾನಿನ ಕ್ಲೀನರ್ ಮಾಡಿಕೊಂಡ ಹಾಗೆ. ತಪ್ಪು ಮಾಡುವುದು ನಾವು, ಒರೆಸಿ ಸ್ವಚ್ಛ ಮಾಡುವುದು ಅವನು. ಟ್ಯಾಂಕರಿನವನು ಆ ಗಳಿಗೆಯಲ್ಲಿ ಬೀಡಿ ಹಚ್ಚುತ್ತಿದ್ದರೆ ಯಾವ ದೇವರ ಹೆಸರು ಹೇಳುತ್ತಿದ್ದೆ? ನಿನ್ನ ಅಕ್ಕ ನಿನ್ನ ಪರವಾಗಿ ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾಳೆ. ಹೆತ್ತವಳಿಗೆ ಹೇಳುವ ಮಾತೇ ಅದು? ನೀನು ಹುಟ್ಟುವಾಗ ತಲೆ ಮುಂದಾಗಿ, ನೆಟ್ಟಗೆ, ಸರಿಯಾದ ದಾರಿಯಲ್ಲೇ ಬಂದವನು. ಇದು ಹುಟ್ಟುಗುಣವಲ್ಲ, ರೂಢಿ. ಬೆಳಿಗ್ಗೆ ಅರ್ಧ ಗಂಟೆ ಮೊದಲು ಏಳಲು ಸೋಮಾರಿತನ, ಅಷ್ಟೇ. ಮೊದಲು ಎದ್ದು, ಮೊದಲು ಹೊರಟು, ಸೇತುವೆ ಸುತ್ತಿ ಬಾ. ಮಕ್ಕಳ ಅಪ್ಪ ಅಮ್ಮಂದಿರು ಗೊಣಗಿದರೆ ಗೊಣಗಲಿ, ಬೇರೆ ವ್ಯಾನು ಹಿಡಿದರೆ ಹಿಡಿಯಲಿ. ಊರೆಲ್ಲ ಬದಲಾಗುವ ತನಕ ಕಾಯುತ್ತೇನೆ ಎನ್ನುವವನು ನನ್ನ ಮಗನಲ್ಲ.

ಸಿಟ್ಟು ಊಟದ ಮೇಲೆ ತೋರಿಸಬೇಡ. ಅಕ್ಕನಿಗೂ ಅವಳ ಅತ್ತೆಯವರಿಗೂ ನಾನು ಕೇಳಿದೆನೆಂದು ಹೇಳು. ದೇವರು ನಿನಗೆ ಆಯುಸ್ಸು ಕೊಡಲಿ, ಅದಕ್ಕಿಂತ ಮೊದಲು ವಿವೇಕ ಕೊಡಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ನಿನ್ನ ಭಾವ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಕೀ ನನ್ನ ಹತ್ತಿರ ಇಲ್ಲ, ಬಂದು ಬೀರು ತಡಕಬೇಡ. ಇವತ್ತು ಬೆಳಿಗ್ಗೆ ಆ ಹುಡುಗಿಯ ತಾಯಿಗೆ ಕೊಟ್ಟು ಬಂದೆ. "ನನ್ನ ಮಗನಿಗೆ ವಾಪಸ್ ಕೊಡಬೇಕೋ ಬೇಡವೋ ನೀನೇ ತೀರ್ಮಾನ ಮಾಡಮ್ಮಾ" ಎಂದು ಅವಳಿಗೆ ಹೇಳಿದೆ. ಆಸ್ಪತ್ರೆಯಲ್ಲಿ "ಹೋಗ್ಲಿ ಬಿಡಿ ಅಮ್ಮಾ, ಬೇಕೂಂತ ಮಾಡ್ತಾರಾ" ಎಂದವಳು, ಇವತ್ತೂ "ಅಯ್ಯೋ, ನಂಗ್ಯಾಕೆ" ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ನನ್ನ ಮುಖವನ್ನೂ ನೋಡದೆ ಬಾಗಿಲು ಹಾಕಿಕೊಂಡಳು. ಮನೆಗೆ ಬರುವ ಮೊದಲು ಅಲ್ಲಿಗೆ ಹೋಗು.