ಅಂಕಲ್ ಕೇಳಿದ ಸಹಿ

ಮಾರ್ಚ್ 24, 1996, ಭಾನುವಾರ
ಕ್ಲಿನಿಕ್ ರಜೆ. ಎಲಿಕಾಟ್ ಸಿಟಿಯಲ್ಲಿ ಕನ್ನಡ ಸಂಘದ ಯುಗಾದಿ ಊಟ. ಹೋಳಿಗೆ ಸಾಲಿನ ಪಕ್ಕದಲ್ಲೇ ಮೇಜು ಹಾಕಿ ಕೂತೆ. ಅಮೆರಿಕದ ಹೊಸ ಪಕ್ಷ ರಿಫಾರ್ಮ್ ಪಾರ್ಟಿಯ ಹೆಸರು ಮತಪತ್ರದಲ್ಲಿ ಬರಲು ಮತದಾರರ ಸಹಿ ಬೇಕು. ಎರಡು ಗಂಟೆಯಲ್ಲಿ ಅರವತ್ತೆರಡು! ಒಬ್ಬರೂ ಇಲ್ಲ ಎನ್ನಲಿಲ್ಲ.
ಸಾವಿತ್ರಿ ಮಾತ್ರ, "ರೀ, ಊಟಕ್ಕೆ ಬಂದೋರನ್ನ ಹಿಡ್ಕೊಂಡು ಹೀಗಾ ಮಾಡೋದು?" ಎಂದಳು.
ಇಪ್ಪತ್ತೈದು ವರ್ಷ ಈ ಊರಿನ ಅಮೆರಿಕನ್ನರ ಕಿವಿ, ಮೂಗು ನೋಡಿದ್ದೇನೆ. ಅವರ ಜೊತೆ ಒಂದೇ ಮೇಜಿಗೆ ಕೂತದ್ದು ಈ ಪಕ್ಷದಲ್ಲೇ. ನನ್ನ ಹೆಂಡತಿಗೆ ಅದು ಅರ್ಥವಾಗುವುದಿಲ್ಲ.

ಮೇ 9
ಚುನಾವಣಾ ಕಚೇರಿಯಿಂದ ಹಾಳೆಗಳು ವಾಪಸ್. ಒಂಬತ್ತು ಸಹಿ ಮಾತ್ರ ಊರ್ಜಿತ. ಉಳಿದವರು ಮತದಾರರೇ ಅಲ್ಲ — ಗ್ರೀನ್ ಕಾರ್ಡು, ವೀಸಾ. ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿತ್ತು: ನಾನು ನೋಂದಾಯಿತ ಮತದಾರ. ನಾನೇ ಓದಿ ಹೇಳಬೇಕಿತ್ತು.

ಮೇ 10
ಪಕ್ಕದ ಬೀದಿಯ ಮಧುರಾ ಫೋನ್ ಮಾಡಿದಳು. ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದ್ದಾಳೆ.
"ಅಂಕಲ್, ಇಂಟರ್‌ವ್ಯೂನಲ್ಲಿ ಈ ಸಹಿ ವಿಷಯ ಬಂದ್ರೆ? ಸುಳ್ಳು ಹೇಳಿದೀನಿ ಅಂತ ರಿಜೆಕ್ಟ್ ಮಾಡಿದ್ರೆ?"
ಯಾಕಮ್ಮ ಓದಲಿಲ್ಲ, ಎಂದೆ.
"ನೀವು ಕೇಳಿದ್ರಲ್ಲ ಅಂಕಲ್."
ಪಕ್ಷದ ಹೆಸರೂ ಗೊತ್ತಿಲ್ಲ ಅವಳಿಗೆ. ತಪ್ಪು ನನ್ನದೆಂದು ಕಾಗದ ಬರೆದು ಕೊಟ್ಟೆ. ನಾಚಿಕೆಯಾಯಿತು.

ನವೆಂಬರ್ 6
ಅಧ್ಯಕ್ಷ ಚುನಾವಣೆಯಲ್ಲಿ ನಮ್ಮ ಅಭ್ಯರ್ಥಿಗೆ ನೂರಕ್ಕೆ ಎಂಟು ವೋಟು. ನಾಲ್ಕು ವರ್ಷದ ಹಿಂದೆ, ಪಕ್ಷವೇ ಇಲ್ಲದಾಗ, ಅವರೊಬ್ಬರಿಗೇ ಹತ್ತೊಂಬತ್ತು ಬಂದಿತ್ತು. ಮುಂದಿನ ಸಲ ನೋಡೋಣ ಅನ್ನುತ್ತಾರೆ ಎಲ್ಲರೂ. ಕಾಲು ನೋವು. ಬೇಗ ಮಲಗಿದೆ.

ನವೆಂಬರ್ 4, 1998
ಮಿನೆಸೋಟ ರಾಜ್ಯದಲ್ಲಿ ನಮ್ಮ ಪಕ್ಷದ ಕುಸ್ತಿಪಟು ಗವರ್ನರ್ ಆಗಿ ಗೆದ್ದ! ಕ್ಲಿನಿಕ್ಕಿನಲ್ಲಿ ಹೇಳಿದೆ. ನಕ್ಕರು.
ಮಧುರಾಗೆ ಇನ್ನೂ ಇಂಟರ್‌ವ್ಯೂಗೆ ಕರೆ ಬಂದಿಲ್ಲ... ಎದುರಾದಾಗ ಮುಖ ನೋಡಲು ಸಂಕೋಚ.

ಸೆಪ್ಟೆಂಬರ್ 19, 1999
ಪಕ್ಷದ ಮೀಟಿಂಗ್. ಮೊದಲ ವರ್ಷ ನಲವತ್ತು ಜನ. ಇವತ್ತು ನನ್ನನ್ನೂ ಸೇರಿಸಿ ಮೂವರು. ಇಬ್ಬರು ಜಗಳವಾಡಿ ಎದ್ದುಹೋದರು. ದೊಡ್ಡ ಕಾಫಿ ಪಾತ್ರೆ ತೊಳೆದು ಮನೆಗೆ ತಂದೆ. ಸಾವಿತ್ರಿ ಅದನ್ನು ಒರೆಸಿ ಮೇಲಿನ ಅಟ್ಟದಲ್ಲಿ ಇಟ್ಟಳು. ಬೈದಿದ್ದರೆ ವಾಸಿಯಿತ್ತು.

ಅಕ್ಟೋಬರ್ 14
ಕೊನೆಗೂ ಮಧುರಾಳ ಇಂಟರ್‌ವ್ಯೂ. ಬಾಲ್ಟಿಮೋರ್‌ಗೆ ನಾನೇ ಡ್ರೈವ್ ಮಾಡಿದೆ. ಕಾರಿನಲ್ಲಿ ಎರಡು ಗಂಟೆ ಕಾದೆ.
"ಅವ್ರು ಕೇಳೋ ಮುಂಚೆ ನಾನೇ ಹೇಳ್ಬಿಟ್ಟೆ ಅಂಕಲ್. ನಿಮ್ಮ ಕಾಗದ ಓದಿ ಫೈಲಲ್ಲಿ ಇಟ್ಕೊಂಡ್ರು. ಪಾಸ್!"
ದಾರಿಯುದ್ದಕ್ಕೂ ಅತ್ತಳು. ನಾನೂ.

ಡಿಸೆಂಬರ್ 4, ಸಂಜೆ 5
ಪೌರತ್ವದ ಪ್ರಮಾಣವಚನ ನಿನ್ನೆ ಆಯಿತು. ಇವತ್ತು ಮಧುರಾ ವೋಟರ್ ಫಾರ್ಮ್ ಹಿಡಿದು ಇಲ್ಲಿಗೇ ಬಂದಳು.
"ಅಂಕಲ್, ಇದ್ರಲ್ಲಿ ಯಾವ ಪಾರ್ಟಿಗೆ ಸೇರ್ತೀರ ಅಂತ ಕೇಳಿದಾರೆ. ನಿಮ್ದೇ ಬರೀಲಾ?"
ಹೂಂ ಎನ್ನಲು ಬಾಯಿ ತೆರೆದಿದ್ದೆ. ಈ ಊರಿನಲ್ಲಿ ಉಳಿದವನು ನಾನೊಬ್ಬ. ಇವಳು ಸೇರಿದರೆ ಇಬ್ಬರು. ಆದರೆ ಪೆನ್ನು ಅವಳ ಕೈಯಿಂದ ತೆಗೆದುಕೊಂಡೆ.
"ಮೊದ್ಲು ಓದಮ್ಮ. ಪೂರ್ತಿ."
ಎದುರಿಗೆ ಕೂತು ಗಟ್ಟಿಯಾಗಿ ಓದುತ್ತಿದ್ದಾಳೆ, ಮೊದಲ ಸಾಲಿನಿಂದ. ಅದೇ ಪೆನ್ನಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಇನ್ನೇನು ಪಾರ್ಟಿಯ ಸಾಲಿಗೆ ಬಂದಳು. ಪೆನ್ನು ಕೊಡಿ ಅಂತ ಕೈ ಚಾಚಿ—